ಕತ್ತಿ ಇಟ್ಟು ಕೈ ತೋರಿಸುವವನು

ಅವನು ಕೊಲೆ ಮಾಡಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬೇಡಿ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾಗ ಜೊತೆಯ ಹಮಾಲಿಯೊಬ್ಬನೊಂದಿಗೆ ಮಾತಿಗೆ ಮಾತು ಬೆಳೆದು, ಮೂಟೆ ಎಳೆಯುವ ಕೊಕ್ಕೆಯಿಂದ ಹೊಡೆದ. ಬಿದ್ದವನು ಏಳಲಿಲ್ಲ. ಪೊಲೀಸರು ಬರುವವರೆಗೂ ಇವನು ಅವನ ಪಕ್ಕದಲ್ಲೇ ಕೂತಿದ್ದ. ಪಾಪ, ಏನೂ ಮಾಡದ ನಿರಪರಾಧಿ ಎಂದು ಹೇಳಿದ್ದರೆ ನಿಮಗೆಲ್ಲ ಕನಿಕರ ಉಕ್ಕಿಬರುತ್ತಿತ್ತು, ನನಗೆ ಗೊತ್ತು. ಆ ಅಗ್ಗದ ಕನಿಕರ ನನಗೂ ಬೇಡ, ಅವನಿಗೂ ಬೇಡ.

ನಮ್ಮ ಬೀದಿಯವರು ಅವನನ್ನು ಹೂಗೈ ಎಂದು ಕರೆಯುತ್ತಿದ್ದರು. ಗಡ್ಡ ತೆಗೆಯುವಾಗ ಅವನ ಕೈ ಮುಖದ ಮೇಲೆ ಹೂವಿನ ಹಾಗೆ ಆಡುತ್ತದೆ ಎಂದು ಅವರೇ ಪ್ರೀತಿಯಿಂದ ಇಟ್ಟ ಹೆಸರು. ಅಂಗಡಿ ನನ್ನದು. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ದಿನಸಿ ಅಂಗಡಿ, ಅದರ ಪಕ್ಕ ಟೈಲರ್, ಆಮೇಲೆ ನಮ್ಮ ಕಟಿಂಗ್ ಶಾಪು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಹಿಂದೆ ನೀರು ಕಾಯಿಸುವ ಒಂದು ಚಿಕ್ಕ ಕೋಣೆ. ಯಜಮಾನರು ಹೋದ ಮೇಲೆ ಅಂಗಡಿ ಮುಚ್ಚು ಎಂದು ಎಲ್ಲರೂ ಹೇಳಿದರು. ಗಂಡಸರು ಬರುವ ಜಾಗದಲ್ಲಿ ಹೆಂಗಸು ಕೂರುವುದೇ ಎಂದು ಮೂಗು ಮುರಿದರು. ನಾನು ಕೂತೆ. ಟವೆಲ್ ಒಗೆಯುತ್ತೇನೆ, ನೀರು ಕಾಯಿಸುತ್ತೇನೆ, ಕತ್ತಿಗೆ ಹೊಸ ಬ್ಲೇಡು ಹಾಕಿಡುತ್ತೇನೆ, ಬಿಡುವಾದಾಗ ಗಿರಾಕಿಗಳ ಜೊತೆ ಜಗಳವಾಡುತ್ತೇನೆ. ಬೆನ್ನ ಹಿಂದೆ ನನ್ನನ್ನು ಕೆಂಡ ಎನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಯಜಮಾನರು ಬದುಕಿದ್ದಾಗ ವಾರಕ್ಕೊಂದು ದಿನ ಜೈಲಿಗೆ ಹೋಗಿ ಕೈದಿಗಳಿಗೆ ಕ್ಷೌರ ಮಾಡಿ ಬರುತ್ತಿದ್ದರು. ಒಳಗೆ ಒಂದು ನಿಯಮವಿತ್ತು. ಒಬ್ಬನ ಗಡ್ಡ ಮುಗಿದ ಕೂಡಲೇ ಕತ್ತಿಯನ್ನು ಬಟ್ಟೆಯ ಮೇಲಿಟ್ಟು, ಹಿಂದಕ್ಕೆ ಸರಿದು, ಎರಡೂ ಅಂಗೈ ಬಿಚ್ಚಿ ವಾರ್ಡರಿಗೆ ತೋರಿಸಬೇಕು. ವಾರ್ಡರು ತಲೆಯಾಡಿಸಿದ ಮೇಲೆಯೇ ಕುರ್ಚಿಯಲ್ಲಿದ್ದವನು ಏಳಬೇಕು. ಹೊರಗಿನಿಂದ ಹೋದ ನಮ್ಮವರಿಗೂ ಅದೇ ನಿಯಮ. ಒಂದು ದಿನ ಮನೆಯಲ್ಲಿ ತರಕಾರಿ ಹೆಚ್ಚಿಕೊಡಿ ಎಂದೆ. ಹೆಚ್ಚಿ ಮುಗಿಸಿದವರು ಚಾಕು ಕೆಳಗಿಟ್ಟು, ಹಿಂದಕ್ಕೆ ಸರಿದು, ನನಗೆ ಅಂಗೈ ತೋರಿಸಿ ನಿಂತುಬಿಟ್ಟರು! ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ.

"ನಗಬೇಡ ಕಣೇ," ಎಂದರು. "ವಾರಕ್ಕೊಂದಿನ ಹೋಗಿಬರೋ ನನಗೇ ಹೀಗಾದ್ರೆ, ಅಲ್ಲೇ ಇರೋರ ಗತಿ ಏನು?"

ಅಲ್ಲೇ ಇದ್ದವರಲ್ಲಿ ಇವನೂ ಒಬ್ಬ. ಕತ್ತರಿಸಿ ಬಿದ್ದ ಕೂದಲನ್ನು ಗುಡಿಸುವ ಕೆಲಸಕ್ಕೆ ಹಾಕಿದ್ದರಂತೆ. ಗುಡಿಸುತ್ತಾ ಗುಡಿಸುತ್ತಾ ಕಣ್ಣು ಕತ್ತರಿಯ ಮೇಲೇ ಇರುತ್ತಿತ್ತಂತೆ. ಯಜಮಾನರು ಜೈಲಿನವರನ್ನು ಕಾಡಿ ಬೇಡಿ ಇವನಿಗೆ ಕೆಲಸ ಕಲಿಸಲು ಒಪ್ಪಿಸಿದರು. ಬ್ಲೇಡಿಲ್ಲದ ಕತ್ತಿ ಹಿಡಿದು ತಿಂಗಳುಗಟ್ಟಲೆ ಬರೀ ನೊರೆ ತೆಗೆದ. ಬ್ಲೇಡು ಹಾಕಿಕೊಡುವ ದಿನ ಬಂದಾಗ, ಇವನ ಮುಂದೆ ಕೂರಲು ಕೈದಿಗಳೇ ಹಿಂದೆಮುಂದೆ ನೋಡಿದರು. ಆಗ ನಮ್ಮವರು ತಾವೇ ಕೂತು, ಗಂಟಲು ಮೇಲೆತ್ತಿ, "ಎಳಿಯೋ" ಎಂದರಂತೆ. ಆ ಸಂಜೆ ಮನೆಗೆ ಬಂದವರೇ ನನ್ನ ಕೈ ಹಿಡಿದು ಕೆನ್ನೆಗೆ ತಾಗಿಸಿದರು. "ಮುಟ್ಟಿ ನೋಡೇ. ಒಂದು ಗೀರಿದೆಯಾ? ಅವನ ಕೈಗುಣವೇ ಕೈಗುಣ." ತಾವೇ ಮಗನನ್ನು ಹೆತ್ತಷ್ಟು ಹಿಗ್ಗಿದ್ದರು.

ಅವನಿಗೆ ಬಿಡುಗಡೆಯಾಗುವ ಹೊತ್ತಿಗೆ ಅವರಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯ ಗಾಜಿನ ಬಾಗಿಲಾಚೆ ಯಾರೋ ನಿಂತಿದ್ದರು. ಒಳಗೆ ಬರುತ್ತಾನೆ ಎಂದು ನಾನು ಟವೆಲ್ ಮಡಚುತ್ತಾ ಕಾದೆ. ಬರಲೇ ಇಲ್ಲ. ಕೊನೆಗೆ ನಾನೇ ಎದ್ದು ತೆಗೆದೆ. ಬಾಗಿಲನ್ನು ತಳ್ಳಿದರೆ ತೆರೆಯುತ್ತದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಅಷ್ಟು ವರ್ಷ ಬಾಗಿಲು ತೆಗೆಯುವವರು ಬೇರೆಯವರಾಗಿದ್ದರಲ್ಲ.

"ಅಣ್ಣ ಇಲ್ವಾ?" ಎಂದು ಕೇಳಿದ.

"ಹೋಗಿಬಿಟ್ರಪ್ಪ," ಎಂದೆ.

ಮೆಟ್ಟಿಲ ಮೇಲೆ ಕೂತು ಅತ್ತ. ಅತ್ತು ಮುಗಿದ ಮೇಲೆ ಚೀಲ ಎತ್ತಿಕೊಂಡು ಹೊರಟ.

"ಎಲ್ಲಿಗೆ?"

"ಗೊತ್ತಿಲ್ಲ ಅತ್ತಿಗೆ."

"ಅವರನ್ನ ಅಣ್ಣ ಅಂತೀಯ, ನನ್ನ ಅತ್ತಿಗೆ ಅಂತೀಯ, ಆಮೇಲೆ ಗೊತ್ತಿಲ್ಲ ಅಂತೀಯ. ಬಾ ಒಳಗೆ. ಅವರ ಕುರ್ಚಿ ಧೂಳು ಹಿಡೀತಿದೆ."

ಒಳಗೆ ಬಂದವನು ಮೊದಲು ಹೇಳಿದ್ದೇ ಆ ಕೊಕ್ಕೆಯ ವಿಷಯ. ಎಲ್ಲವನ್ನೂ ಹೇಳಿ, "ಸತ್ತೋನಿಗೂ ಒಂದು ಮನೆ ಇತ್ತು ಅತ್ತಿಗೆ," ಎಂದ. ಅದಾದ ಮೇಲೆ ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಹಿಂದಿನ ಕೋಣೆಯಲ್ಲಿ ಅವನಿಗೆ ಹಾಸಿಗೆ ಹಾಕಿಕೊಟ್ಟೆ.

ಅವನಿಗೆ ಒಬ್ಬಳು ಮಗಳಿದ್ದಳು. ಇವನು ಒಳಗೆ ಹೋದಾಗ ಇನ್ನೂ ಅಂಬೆಗಾಲಿಡುತ್ತಿದ್ದಳು. ಹೆಂಡತಿ ನಡುವೆ ಕಾಯಿಲೆ ಬಿದ್ದು ತೀರಿಕೊಂಡಳು. ಮಗುವನ್ನು ಇವನ ಅಕ್ಕ ಬೇರೆ ಊರಿನಲ್ಲಿ ಸಾಕಿದಳು, ಸುಳ್ಳು ಹೇಳದೆ ಸಾಕಿದಳು. ಅಪ್ಪ ಎಲ್ಲಿ ಎಂದರೆ ಜೈಲಿನಲ್ಲಿ ಎಂದೇ ಹೇಳಿದಳು. ಅದು ಹೇಗೋ ಶಾಲೆಗೆ ಗೊತ್ತಾಯಿತು. ಅಂದಿನಿಂದ ತರಗತಿಯಲ್ಲಿ ಯಾರದ್ದೇ ಪೆನ್ಸಿಲ್ ಕಳೆದರೂ ಮೊದಲು ಇವಳ ಚೀಲ ಹುಡುಕುವುದು. ಅಪ್ಪನ ಕೊಕ್ಕೆಗೂ ಯಾರದ್ದೋ ಪೆನ್ಸಿಲ್ಲಿಗೂ ಏನು ಸಂಬಂಧ? ಮಕ್ಕಳು ತಾವಾಗಿಯೇ ಇಂಥದ್ದು ಕಲಿಯುವುದಿಲ್ಲ, ಮನೆಯಲ್ಲಿ ಊಟದ ಜೊತೆ ಬಡಿಸಿರುತ್ತಾರೆ. ಆ ಹುಡುಗಿ ಈಗ ತನ್ನ ಚೀಲವನ್ನು ಯಾರ ಕೈಗೂ ಕೊಡುವುದಿಲ್ಲವಂತೆ. ಮಲಗುವಾಗಲೂ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾಳಂತೆ. ಇದನ್ನು ಅವಳ ಅತ್ತೆ ಫೋನಿನಲ್ಲಿ ನನಗೆ ಹೇಳಿದಳು.

ಇನ್ನೊಂದು ಮಾತನ್ನೂ ಹೇಳಿದಳು. ಅಪ್ಪನನ್ನು ನೋಡಲು ಬರುತ್ತೀಯಾ ಎಂದು ಕೇಳಿದ್ದಕ್ಕೆ ಹುಡುಗಿ, "ಜನ ಅವರನ್ನ ಕಂಡು ದೂರ ಹೋಗೋದನ್ನ ನಾನು ನೋಡಲ್ಲ ಅತ್ತೆ. ಜನ ಅವರ ಹತ್ತಿರ ಬರೋ ಹಾಗೆ ಆದ್ರೆ ಹೇಳಿ, ಆಗ ಬರ್ತೀನಿ," ಎಂದಿದ್ದಳಂತೆ. ಇದನ್ನು ಅವನಿಗೆ ಹೇಳಿದೆ. ಕನ್ನಡಿ ಒರೆಸುತ್ತಿದ್ದವನು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ.

ಜನ ಬಂದರು. ಬರದೆ ಏನು? ಆ ಕೈ ಹಾಗಿತ್ತು. ಟೈಲರ್‌ಗೆ ಗದ್ದದ ಕೆಳಗೆ ಒಂದು ಗುಳ್ಳೆ, ಯಾರ ಹತ್ತಿರ ಹೋದರೂ ರಕ್ತ ಬರುತ್ತಿತ್ತು. ಇವನು ಅದರ ಸುತ್ತ ಸುತ್ತಿ ಬಂದ, ಗುಳ್ಳೆಗೆ ಸುದ್ದಿಯೇ ಮುಟ್ಟಲಿಲ್ಲ. ದಿನಸಿ ಅಂಗಡಿಯವನು ಕುರ್ಚಿಯಲ್ಲಿ ಕೂತ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಕತ್ತಿ ಗಂಟಲ ಮೇಲಿದ್ದಾಗಲೂ ಗೊರಕೆ! ಪಕ್ಕದ ಬೀದಿಯ ಮೇಷ್ಟ್ರು ಸಮಾಜದ ಬಗ್ಗೆ ಭಾಷಣ ಬಿಗಿಯುತ್ತಾ ಗಡ್ಡ ತೆಗೆಸಿಕೊಳ್ಳುತ್ತಿದ್ದರು. ಅವರ ಬಾಯಿ ಆಡುತ್ತಿದ್ದರೂ ಇವನ ಕೈ ತಪ್ಪುತ್ತಿರಲಿಲ್ಲ.

ಮತ್ತೆ ಆ ಅಭ್ಯಾಸ. ಪ್ರತಿ ಗಡ್ಡ ಮುಗಿದಾಗಲೂ ಕತ್ತಿಯನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟು, ಹಿಂದಕ್ಕೆ ಸರಿದು, ತಲೆ ಸ್ವಲ್ಪ ಬಗ್ಗಿಸಿ, ಎರಡೂ ಅಂಗೈ ಬಿಚ್ಚಿ ನಿಲ್ಲುತ್ತಿದ್ದ. ಗಿರಾಕಿ ಎದ್ದ ಮೇಲೆಯೇ ಕೈ ಕೆಳಗೆ. ಅದೇನೆಂದು ನನಗೆ ಮೊದಲ ದಿನವೇ ಗೊತ್ತಾಯಿತು. ತರಕಾರಿ ಹೆಚ್ಚಿದ ದಿನ ನೆನಪಾಗಿ ಕಣ್ಣು ತುಂಬಿತು. ಆದರೆ ಜನರಿಗೆ ಅದು ಮರ್ಯಾದೆಯಾಗಿ ಕಂಡಿತು. "ಏನ್ ವಿನಯ ರೀ! ದಯಮಾಡಿ ಏಳಿ ಸ್ವಾಮಿ ಅನ್ನೋ ಹಾಗೆ ನಿಲ್ತಾನೆ. ರಾಜನ ಹಾಗೆ ಅನಿಸುತ್ತೆ," ಎಂದು ದಿನಸಿಯವನು ಊರಿಗೆಲ್ಲ ಹೇಳಿದ. ಎದುರು ಸಾಲಿನ ಸಲೂನಿನವನು ನಮ್ಮ ಗಿರಾಕಿಗಳನ್ನು ಸೆಳೆಯಬೇಕೆಂದು ತಾನೂ ಅದನ್ನೇ ಕಲಿತ. ಕತ್ತರಿ ಇಟ್ಟು, ಹಿಂದೆ ಸರಿದು, ಎರಡು ಕೈ ಬಿಚ್ಚಿ, ಹಲ್ಲು ಕಿರಿದು ನಿಲ್ಲುತ್ತಿದ್ದ. ಜೈಲಿನ ನಿಯಮ ನಮ್ಮ ಬೀದಿಯ ಶೋಕಿಯಾಯಿತು. ನಾನು ಹಿಂದಿನ ಕೋಣೆಗೆ ಹೋಗಿ ಒಬ್ಬಳೇ ನಗುತ್ತಿದ್ದೆ.

ವರ್ಷ ತುಂಬುತ್ತಾ ಬಂದಿತ್ತು. ನಾನೇ ಅವನ ಅಕ್ಕನಿಗೆ ಫೋನ್ ಮಾಡಿ, "ಬೆಂಚಿನ ಮೇಲೆ ಕೂರೋಕೆ ಜಾಗ ಇರಲ್ಲ, ಮಗೂನ ಕರ್ಕೊಂಡು ಬನ್ನಿ," ಎಂದೆ. ಬರುವ ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇವೆ ಎಂದಳು. ಅವನು ಹೊಸ ಅಂಗಿ ಕೊಂಡು ತಂದ. ಅದನ್ನು ಎರಡು ಸಲ ಇಸ್ತ್ರಿ ಮಾಡಿಸಿದ.

ಅದೇ ವಾರ ಒಬ್ಬ ಮುದುಕ ಬಂದ. ರಿಟೈರಾಗಿ ಮಗಳು ಅಳಿಯನ ಮನೆಗೆ ಇರಲು ಬಂದವನು, ಬೀದಿಗೆ ಹೊಸಬ. ಬೆಂಚು ತುಂಬಿತ್ತು. ದಿನಸಿಯವನು, ಟೈಲರ್ ಎಲ್ಲ ಇದ್ದರು. ಮುದುಕ ಕೂತ, ಗಡ್ಡ ಮುಗಿಯಿತು, ಇವನು ಕತ್ತಿ ಇಟ್ಟು ಹಿಂದೆ ಸರಿದು ಅಂಗೈ ಬಿಚ್ಚಿದ. ಮುದುಕ ಕನ್ನಡಿಯಲ್ಲಿ ಅದನ್ನು ನೋಡಿದವನೇ, ತನಗೇ ಗೊತ್ತಿಲ್ಲದ ಹಾಗೆ, ತಲೆಯಾಡಿಸಿ ಸರಿ ಎಂದ. ಆಮೇಲೆ ಗಹಗಹಿಸಿ ನಕ್ಕ.

"ಅಯ್ಯೋ, ಇನ್ನೂ ಬಿಟ್ಟಿಲ್ವೇನಯ್ಯಾ! ಯಾವ ಜೈಲು? ನಾನೂ ಜೈಲಲ್ಲೇ ಸವೆದವನು, ವಾರ್ಡರು. ಎಷ್ಟು ವರ್ಷ ಹಾಕಿದ್ರು ನಿಂಗೆ?"

ಹಳೆಯ ನೆಂಟ ಸಿಕ್ಕ ಸಂತೋಷ ಅವನ ದನಿಯಲ್ಲಿತ್ತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ. ಇವನು ಸುಳ್ಳು ಹೇಳಬಹುದಿತ್ತು. "ಹತ್ತು ವರ್ಷ ಸಾರ್, ಕೊಲೆ ಕೇಸು," ಎಂದ. ಕೈ ಇನ್ನೂ ಬಿಚ್ಚಿಕೊಂಡೇ ಇತ್ತು.

ದಿನಸಿಯವನು ಎದ್ದ. ಅವನ ಕೈ ತಾನಾಗಿ ಗಂಟಲ ಮೇಲೆ ಹೋಯಿತು, ಗಂಟಲು ಇನ್ನೂ ಇದೆಯೇ ಎಂದು ನೋಡಿಕೊಳ್ಳುವ ಹಾಗೆ. ಒಂದು ವರ್ಷ ಆ ಗಂಟಲ ಮೇಲೆ ಕತ್ತಿ ಆಡಿತ್ತು. ಒಂದು ವರ್ಷ ಗೊರಕೆ ಹೊಡೆದಿದ್ದ. ಈಗ, ಕತ್ತಿ ಬಟ್ಟೆಯ ಮೇಲೆ ಮಲಗಿರುವಾಗ, ಅವನಿಗೆ ಭಯ! ಹಾಗೇ ಹೊರಟ. ಪಕ್ಕದ ಕುರ್ಚಿಯಲ್ಲಿ ಗಡ್ಡ ನೆನೆಸಿಕೊಂಡು ಕಾಯುತ್ತಿದ್ದ ಟೈಲರ್ ನೊರೆ ಒರೆಸಿಕೊಳ್ಳುತ್ತಾ ಹಿಂದೆಯೇ ಓಡಿದ.

ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಂದು ಕೊಲೆ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಮೂರಾಗಿತ್ತು, ಅದರಲ್ಲೊಂದು ಹೆಂಗಸು. ಹೂಗೈ ಎಂಬ ಹೆಸರು ಮಾಯವಾಯಿತು. "ಅದು" ಎನ್ನತೊಡಗಿದರು. ಅದು ಇನ್ನೂ ಅಲ್ಲೇ ಇದೆಯಾ? ಅದನ್ನ ಯಾಕೆ ಹೊರಗೆ ಬಿಟ್ಟರು? ಅದಕ್ಕೆ ಒಳಗೆ ಮೂರು ಹೊತ್ತು ಊಟ, ಟೀವಿ ಬೇರೆ ಅಂತಲ್ಲ, ನಮ್ಮ ದುಡ್ಡಲ್ಲಿ! ಜೈಲಿನ ಗೋಡೆಯನ್ನೂ ಹತ್ತಿರದಿಂದ ನೋಡದವರು ಒಳಗಿನ ಊಟದ ಪಟ್ಟಿಯನ್ನೇ ಹೇಳುತ್ತಿದ್ದರು. ಕೈ ಬಿಚ್ಚಿ ನಿಲ್ಲುತ್ತಿದ್ದನಲ್ಲ, ಆ ವಿನಯ ಈಗ ಏನಾಯಿತು ಗೊತ್ತೇ? "ನೋಡಿ, ಆ ಕೈಯಲ್ಲೇ ಕೊಂದಿದ್ದು ಅಂತ ತೋರಿಸ್ತಿದ್ದ," ಎಂದರಂತೆ. ನನಗೆ ಪಿತ್ತ ನೆತ್ತಿಗೇರಿತು. ಸತ್ತವನ ತಾಯಿ ಬಂದು ನನ್ನ ಮುಂದೆ ನಿಂತು ಬೈದರೆ ತಲೆ ತಗ್ಗಿಸಿ ಕೇಳುತ್ತೇನೆ. ಅವಳಿಗೆ ಆ ಹಕ್ಕಿದೆ. ಈ ದಿನಸಿಯವನಿಗೆ ಯಾರು ಸತ್ತಿದ್ದರು? ಇವನಿಗೆ ಯಾವ ನಷ್ಟವಾಗಿತ್ತು?

ಎಲ್ಲರೂ ಎದುರು ಸಾಲಿನ ಸಲೂನಿಗೆ ಹೋಗತೊಡಗಿದರು. ನಮ್ಮ ಅಂಗಡಿಯಿಂದ ಕಾಣುತ್ತದೆ. ಆ ಸಲೂನಿನವನು ಗಡ್ಡ ಮುಗಿಸಿ, ಕತ್ತಿ ಇಟ್ಟು, ಹಿಂದೆ ಸರಿದು, ಎರಡೂ ಅಂಗೈ ಬಿಚ್ಚಿ ಹಲ್ಲು ಕಿರಿಯುತ್ತಾನೆ. ಕುರ್ಚಿಯಲ್ಲಿ ಕೂತವನು ರಾಜನ ಹಾಗೆ ಏಳುತ್ತಾನೆ. ಇದನ್ನು ನಾನು ದಿನವಿಡೀ ನೋಡಬೇಕು.

"ಅತ್ತಿಗೆ, ನಾನು ಹೋಗಿಬಿಡ್ತೀನಿ. ಅಂಗಡಿನಾದ್ರೂ ಉಳಿಯುತ್ತೆ," ಎಂದ ಅವನು.

"ಬಾಯಿ ಮುಚ್ಕೊಂಡು ಟವೆಲ್ ಒಣಗಿಸು."

"ಅಕ್ಕನಿಗಾದ್ರೂ ಹೇಳಿ, ಭಾನುವಾರ ಬರಬೇಡಿ ಅಂತ. ಬೆಂಚು ಖಾಲಿ ಇದೆ. ಅವಳು ಇದನ್ನ ನೋಡಿದ್ರೆ ಮತ್ತೆ ಯಾವತ್ತೂ ಬರಲ್ಲ."

ಅದು ನಿಜ. ಅವನ ಜೀವಮಾನದಲ್ಲಿ ಉಳಿದಿದ್ದ ಒಂದೇ ಆಸೆ ಆ ಖಾಲಿ ಬೆಂಚಿನ ಮೇಲೆ ನಿಂತಿತ್ತು. ನಾನು ಫೋನ್ ಮಾಡಲಿಲ್ಲ. ಸೆರಗು ಬಿಗಿದು ಬೀದಿಗಿಳಿದೆ. ಬೆಂಚು ತುಂಬುವುದು ಬೇಡ, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಒಬ್ಬ, ಒಬ್ಬನೇ ಒಬ್ಬ ಗಂಡಸು ಆ ಕುರ್ಚಿಯಲ್ಲಿ ಕೂತರೆ ಸಾಕಿತ್ತು.

ದಿನಸಿಯವನ ಹತ್ತಿರ ಮೊದಲು ಹೋದೆ. "ನೋಡಮ್ಮ, ನಂಗೂ ಹೆಂಡತಿ ಮಕ್ಕಳಿದ್ದಾರೆ," ಎಂದ.

"ಅವನಿಗೂ ಒಬ್ಬಳು ಮಗಳಿದ್ದಾಳೆ. ಅದಕ್ಕೇ ಬಂದಿದ್ದು."

"ಅಂಥೋರಿಗೆಲ್ಲ ಮಕ್ಕಳು ಯಾಕೆ ಬೇಕಿತ್ತು?" ಎಂದುಬಿಟ್ಟ. ಮಾತು ಆಡುತ್ತಾ ಯಾರಿಗೋ ಬೇಳೆ ತೂಗುತ್ತಿದ್ದ, ತಕ್ಕಡಿಯ ಮೇಲೆ ಹೆಬ್ಬೆರಳು. ಆ ಹೆಬ್ಬೆರಳನ್ನು ಬೀದಿಯವರೆಲ್ಲ ಬಲ್ಲರು, ಅದಕ್ಕೆ ಯಾರೂ ಹೆದರುವುದಿಲ್ಲ. "ಬೆರಳು ತೆಗೆಯೋ, ತೂಕ ಸರಿಯಾಗಲಿ," ಎಂದು ಎಲ್ಲರ ಮುಂದೆ ಹೇಳಿ ಬಂದೆ. ಕೆಲಸವಾಗಲಿಲ್ಲ, ಹೊಟ್ಟೆಯ ಉರಿ ಮಾತ್ರ ಸ್ವಲ್ಪ ತಣ್ಣಗಾಯಿತು.

ಟೈಲರ್ ಮಷಿನ್ನಿನಿಂದ ತಲೆಯೆತ್ತಲಿಲ್ಲ. ಇನ್ನು ಮೇಲೆ ತನ್ನ ಗಡ್ಡ ತಾನೇ ತೆಗೆದುಕೊಳ್ಳುತ್ತಾನಂತೆ. ಗದ್ದದ ತುಂಬ ಹತ್ತಿಯ ತುಣುಕುಗಳು ಅಂಟಿದ್ದವು, ಗುಳ್ಳೆ ಇದ್ದ ಜಾಗದಲ್ಲಿ ದೊಡ್ಡದೊಂದು. "ಒಂದು ವರ್ಷ ಕೊಲೆಗಾರನ ಕೈಲಿ ರಕ್ತ ಬರಲಿಲ್ಲ, ನಿನ್ನ ಕೈಲೇ ಬಂತಲ್ಲಪ್ಪ," ಎಂದೆ. ಹತ್ತಿ ಮುಟ್ಟಿ ನೋಡಿಕೊಂಡ.

ಮೇಷ್ಟ್ರ ಮೇಲೆ ನನಗೆ ನಂಬಿಕೆ ಇತ್ತು. ಕುರ್ಚಿ ಹಾಕಿ ಕೂರಿಸಿದರು, ಟೀ ಕೊಟ್ಟರು, ಅಪರಾಧಿಗೂ ಸಮಾಜಕ್ಕೂ ಇರುವ ಸಂಬಂಧದ ಬಗ್ಗೆ ಟೀ ಆರುವವರೆಗೆ ಮಾತಾಡಿದರು. ಎಲ್ಲ ನಮ್ಮ ಪರವಾಗಿಯೇ. "ಹಾಗಾದ್ರೆ ಭಾನುವಾರ ಬರ್ತೀರಾ ಮೇಷ್ಟ್ರೇ?" ಎಂದೆ.

"ವೈಯಕ್ತಿಕವಾಗಿ ನನಗೇನೂ ಅಭ್ಯಂತರ ಇಲ್ಲಮ್ಮ. ಆದರೆ ಮನೆಯಲ್ಲಿ ಒಪ್ಪಲ್ಲ. ಪಾಠಕ್ಕೆ ಬರೋ ಮಕ್ಕಳ ತಂದೆತಾಯಿ ಏನಂತಾರೋ ಅದನ್ನೂ ನೋಡಬೇಕಲ್ಲ. ಸಮಯ ಬರಲಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ದಿನಸಿಯವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಇವರ ಮೇಲೆ ಬಂತು. ಟೀ ಲೋಟ ಹಾಗೇ ಬಿಟ್ಟು ಎದ್ದೆ.

ಕೊನೆಗೆ ಆ ಮುದುಕ ವಾರ್ಡರ ಮನೆಗೆ ಹೋದೆ. ಗೇಟಿನ ಒಳಗೆ ನಿಂತಿದ್ದ. ನನ್ನನ್ನು ಕಂಡ ಕೂಡಲೇ ಕಣ್ಣಲ್ಲಿ ನೀರು.

"ನನ್ನ ಬಾಯಿ ಸುಟ್ಟುಹೋಗಲಿ ತಾಯಿ. ಕೆಲಸದಲ್ಲಿದ್ದಷ್ಟು ಕಾಲ ನನ್ನ ಗಡ್ಡ ತೆಗೆದೋರೆಲ್ಲ ಕೈದಿಗಳೇ. ಒಂದು ದಿನ ಗೀರಿಲ್ಲ. ಅವರಿಗೆ ಮನೆಯಿಂದ ಯಾರೂ ಬರದೆ ಇದ್ದಾಗ ರಾತ್ರಿಯೆಲ್ಲ ಅಳ್ತಿದ್ರು, ನಾನು ಕೇಳಿಸಿಕೊಂಡಿದ್ದೀನಿ. ಇವರಿಗೇನು ಗೊತ್ತು?"

"ಹಾಗಾದ್ರೆ ಭಾನುವಾರ ಬಂದು ಕೂತ್ಕೊಳ್ಳಿ."

"ಬಂದೇ ಬರ್ತೀನಿ," ಎಂದ. ಆಮೇಲೆ ಒಳಗೊಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ. "ಅಳಿಯ ಬಿಟ್ರೆ. ಆಗ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಈಗ ಅವನ ಸೊಂಟದಲ್ಲಿದೆ."

ಭಾನುವಾರ ಬೆಳಿಗ್ಗೆ ಅವನು ಹೊಸ ಅಂಗಿ ಹಾಕಿಕೊಂಡು ನಿಂತ. ಟವೆಲ್ಲುಗಳನ್ನು ನಾನು ಹಿಂದಿನ ದಿನವೇ ಕುದಿಸಿ ಒಣಗಿಸಿದ್ದೆ. ಕನ್ನಡಿ ಹೊಳೆಯುತ್ತಿತ್ತು, ಬೆಂಚು ಖಾಲಿ ಇತ್ತು. ಬಸ್ಸು ಬರುವ ಹೊತ್ತಾಯಿತು. ವಾರ್ಡರು ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ, ಅಳಿಯನ ಮನೆಯ ಗೇಟಿಗೆ ಬೀಗ ಬಿದ್ದಿತ್ತು, ಮುದುಕ ಮಹಡಿಯ ಕಂಬಿ ಹಿಡಿದು ನಮ್ಮ ಕಡೆಯೇ ನೋಡುತ್ತಿದ್ದ. ಬೀದಿಯಲ್ಲಿ ಮಾತ್ರ ಜನವೋ ಜನ. ಮಗಳು ಬರುತ್ತಾಳೆ ಎಂದು ನಾನೇ ಮನೆಮನೆಗೆ ಸಾರಿ ಬಂದಿದ್ದೆನಲ್ಲ. ಕೂರಲು ಬಾರದವರು ನೋಡಲು ಬಂದಿದ್ದರು. ದಿನಸಿಯವನು ಗಿರಾಕಿಗಳನ್ನು ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದ. ಟೈಲರ್ ಇದ್ದ. ಮೇಷ್ಟ್ರೂ ಇದ್ದರು, ಸ್ವಲ್ಪ ದೂರದಲ್ಲಿ, ಪೇಪರ್ ಓದುವವರ ಹಾಗೆ.

ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಎದೆಗೆ ಚೀಲ ಅವಚಿಕೊಂಡ ಹುಡುಗಿ ಕಾಣಿಸಿದರು. ನನ್ನ ಮೈಯೆಲ್ಲ ಉರಿಯಿತು. ಬಾಗಿಲನ್ನು ಪೂರ್ತಿ ತೆಗೆದು ಕಲ್ಲು ಇಟ್ಟು ನಿಲ್ಲಿಸಿದೆ. ಒಳಗೆ ಬಂದು ಯಜಮಾನರ ಕುರ್ಚಿಯಲ್ಲಿ ನಾನೇ ಕೂತೆ.

"ಅತ್ತಿಗೆ, ಏನಿದು?"

"ಗಿರಾಕಿ. ಬಟ್ಟೆ ಹೊದಿಸು."

"ನೀವಾ?"

"ಯಾಕೆ, ನನ್ನ ತಲೆ ತಲೆಯಲ್ವಾ? ಕತ್ತರಿ ತಗೋ. ಕತ್ತು ಕಾಣೋ ಹಾಗೆ ಕತ್ತರಿಸು."

ಸೊಂಟದವರೆಗೆ ಇದ್ದ ಕೂದಲು. ಕ್ಷೌರಿಕನ ಹೆಂಡತಿಯ ತಲೆಗೆ ಮಾತ್ರ ಕತ್ತರಿ ತಾಗಿಲ್ಲ ನೋಡಿ ಎಂದು ನಮ್ಮವರು ಎಲ್ಲರ ಮುಂದೆ ತಮಾಷೆ ಮಾಡುತ್ತಿದ್ದರು. ಅದರ ತುದಿ ಕತ್ತರಿಸಲೂ ಅವರಿಗೆ ಬಿಟ್ಟಿರಲಿಲ್ಲ ನಾನು. ಇವನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಬಟ್ಟೆ ಹೊದಿಸಿದ, ಜಡೆ ಬಿಚ್ಚಿದ, ಬಾಚಿದ, ಕತ್ತರಿ ಹಿಡಿದ. ಕೆಲಸ ಶುರುವಾದ ಮೇಲೆ ಅವನಿಗೆ ಬೀದಿ ಕಾಣಿಸಲಿಲ್ಲ. ಕಪ್ಪು ಬಿಳುಪು ಬೆರೆತ ಕೂದಲು ನೆಲಕ್ಕೆ ಬೀಳತೊಡಗಿತು.

ಹೊರಗೆ ಯಾರೋ ಕಿಸಕ್ಕೆಂದು ನಕ್ಕರು. ಕುರ್ಚಿಯಲ್ಲಿ ಕೂತಲ್ಲಿಂದಲೇ, ತಲೆ ಅಲುಗಿಸದೆ, ಕನ್ನಡಿಯಲ್ಲಿ ಅವರನ್ನು ನೋಡುತ್ತಾ ಕೂಗಿದೆ. "ನೋಡಿ, ಚೆನ್ನಾಗಿ ನೋಡಿ! ಕತ್ತರಿ ನನ್ನ ಕಿವಿ ಹತ್ತಿರ ಇದೆ, ನಾನಿನ್ನೂ ಬದುಕಿದ್ದೀನಿ! ನಿಮ್ಮ ಗಂಟಲುಗಳೂ ವರ್ಷವೆಲ್ಲ ಇಲ್ಲೇ ಬಿದ್ದಿದ್ವು, ಯಾವುದಾದ್ರೂ ಒಂದು ಕಮ್ಮಿಯಾಗಿದ್ರೆ ಹೇಳಿ! ಅವನು ತನ್ನ ಶಿಕ್ಷೆ ಮುಗಿಸಿ ಬಂದಿದ್ದಾನೆ. ನೀವು ಯಾರು ಇನ್ನೊಂದ್ಸಲ ಹಾಕೋಕೆ?"

ಅಷ್ಟರಲ್ಲಿ ಅತ್ತೆ, ಹುಡುಗಿ ಬಾಗಿಲಿಗೆ ಬಂದರು. "ಯಾರ ಮಗು?" ಎಂದು ಒಬ್ಬಳು ಕೇಳಿದಳು. "ಅದೇ, ಅದರ ಮಗಳು," ಎಂದ ದಿನಸಿಯವನು. ಮೆಲ್ಲಗೆ ಹೇಳಿದೆ ಎಂದುಕೊಂಡಿರಬೇಕು, ನನಗೇ ಕೇಳಿಸಿತು. ಕನ್ನಡಿಯಲ್ಲಿ ಹುಡುಗಿಯ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು. ಜನರು ಅವಳಿಂದ ಒಂದೊಂದು ಹೆಜ್ಜೆ ಸರಿದು ದಾರಿ ಬಿಟ್ಟಿದ್ದರು. ಯಾವುದನ್ನು ನೋಡಲಾರೆ ಎಂದಿದ್ದಳೋ ಅದೇ ಅವಳ ಸುತ್ತ ನಡೆದಿತ್ತು. ಅತ್ತೆ ಅವಳ ಭುಜ ಹಿಡಿದಳು, ವಾಪಸ್ ಹೋಗೋಣವೇ ಎನ್ನುವ ಹಾಗೆ. ಹುಡುಗಿ ಚೀಲವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು.

ಅವನಿಗೆ ಇದು ಯಾವುದೂ ಗೊತ್ತಿಲ್ಲ. ಬಗ್ಗಿ ನನ್ನ ಕತ್ತಿನ ಹಿಂದಿನ ಕೊನೆಯ ಕೂದಲನ್ನು ಸಮ ಮಾಡುತ್ತಿದ್ದ. ಮುಗಿಯಿತು. ಕತ್ತರಿಯನ್ನು ಬಟ್ಟೆಯ ಮೇಲಿಟ್ಟ. ಹಿಂದಕ್ಕೆ ಸರಿದ. ತಲೆ ಬಗ್ಗಿಸಿ ಎರಡೂ ಅಂಗೈ ಬಿಚ್ಚಿದ. ಬಿಚ್ಚಿದ ಮೇಲೆಯೇ ತಲೆಯೆತ್ತಿ ಕನ್ನಡಿಯಲ್ಲಿ ಮಗಳನ್ನು ಕಂಡದ್ದು. ಹಾಗೆಯೇ ತಿರುಗಿದ. ಕೈ ಇಳಿಸುವುದೂ ಮರೆತುಹೋಯಿತು.

ಬೀದಿ ಅವನ ಆ ಕೈಗಳನ್ನು ನೋಡಿತು. ಹುಡುಗಿಯೂ ನೋಡಿದಳು. ಜೈಲಿನ ನಿಯಮ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಕೈ ಚಾಚಿ ನಿಂತಿದ್ದಾರೆ ಎಂದಷ್ಟೇ ಅವಳಿಗೆ ಕಂಡದ್ದು. ಹೊಸ್ತಿಲು ದಾಟಿ, ಬಿದ್ದಿದ್ದ ನನ್ನ ಕೂದಲನ್ನು ತುಳಿಯದ ಹಾಗೆ ಸುತ್ತಿ ಬಂದು, ಎದೆಗವಚಿದ್ದ ಚೀಲವನ್ನು ಬಿಡಿಸಿ ಅವನ ಎರಡು ಕೈಗಳ ಮೇಲೆ ಇಟ್ಟಳು.

"ಹಿಡ್ಕೊಳ್ಳಿ ಅಪ್ಪ," ಎಂದಳು. "ಭಾರ ಇದೆ."